ಬಡ್ಡಿ ಏರುವ ಕಾಲದಲ್ಲಿ ಲಾಭಾಂಶದ ಷೇರುಗಳು: ವಿದ್ಯುತ್ ಕಂಪನಿಗಳನ್ನು ಆರಿಸುವ ಬಗೆ

ಸ್ವಂತ ಅಂಗಡಿ ಅಥವಾ ಕಾರ್ಖಾನೆ ನಡೆಸುವವರಿಗೆ ನಿವೃತ್ತಿ ವೇತನವೆಂಬುದಿಲ್ಲ. ಮೂವತ್ತು ನಲವತ್ತು ವರ್ಷ ದುಡಿದು ವ್ಯವಹಾರದಿಂದ ಹೊರತೆಗೆದಿಟ್ಟ ಹಣವೇ ಮುಂದಿನ ದಿನಗಳಿಗೆ ಆಧಾರ. ಆ ಹಣದಿಂದ ವರ್ಷವರ್ಷವೂ ಒಂದಷ್ಟು ವರಮಾನ ಬರಬೇಕು, ಅಸಲೂ ಕರಗಬಾರದು ಎಂಬುದು ನಮ್ಮ ಸದಸ್ಯರಲ್ಲಿ ಬಹುಮಂದಿಯ ಅಪೇಕ್ಷೆ. ಬ್ಯಾಂಕ್ ಠೇವಣಿ, ಅಂಚೆ ಕಚೇರಿಯ ಉಳಿತಾಯ ಯೋಜನೆಗಳು, ಬಾಡಿಗೆ ಬರುವ ಮಳಿಗೆ ಇವುಗಳ ಸಾಲಿಗೆ ಈಗ ಲಾಭಾಂಶ ನೀಡುವ ಷೇರುಗಳೂ, ಅದರಲ್ಲಿಯೂ ವಿದ್ಯುತ್ ಉತ್ಪಾದನೆ ಮತ್ತು ಪ್ರಸರಣ ಕಂಪನಿಗಳ ಷೇರುಗಳೂ ಸೇರಿವೆ. ಕರೆಂಟು ಯಾವ ಕಾಲಕ್ಕೂ ಬೇಕೇ ಬೇಕು, ಆದ್ದರಿಂದ ಈ ಷೇರುಗಳು ಭದ್ರ ಎಂಬ ಮಾತನ್ನು ದಲ್ಲಾಳಿಗಳ ಕಚೇರಿಗಳಲ್ಲಿ ಎಲ್ಲರೂ ಕೇಳಿದ್ದಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಬಡ್ಡಿದರ ಏರಿದಾಗ ಗೊತ್ತಾಗುತ್ತದೆ.

ಬಡ್ಡಿ ಏರುವುದೆಂದರೆ ಎಷ್ಟು ಬೇಗ ಏರಬಹುದು ಎಂಬುದನ್ನು ನಾವು ಈಚೆಗೆ ಕಂಡಿದ್ದೇವೆ. 2022ರ ಮೇ ತಿಂಗಳಿನಲ್ಲಿ ಶೇ. 4ರಷ್ಟಿದ್ದ ರಿಸರ್ವ್ ಬ್ಯಾಂಕಿನ ರೆಪೊ ದರ 2023ರ ಫೆಬ್ರವರಿ ವೇಳೆಗೆ ಶೇ. 6.50ಕ್ಕೆ ಏರಿತು. ಒಂಬತ್ತು ತಿಂಗಳಲ್ಲಿ ಎರಡೂವರೆ ಶೇಕಡಾ ಏರಿಕೆ! ದೊಡ್ಡ ಬ್ಯಾಂಕುಗಳಲ್ಲಿ ಶೇ. 5ರ ಆಸುಪಾಸಿನಲ್ಲಿದ್ದ ಒಂದು ವರ್ಷದ ಠೇವಣಿಯ ಬಡ್ಡಿ ಶೇ. 7ರ ಸಮೀಪಕ್ಕೆ ಬಂದಿತು. ಆ ಮಟ್ಟದಲ್ಲಿ ಎರಡು ವರ್ಷ ನಿಂತ ರೆಪೊ ದರವನ್ನು ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಿಂದ ಇಳಿಸತೊಡಗಿತು. ಇಳಿದ ದರ ಮತ್ತೊಮ್ಮೆ ಏರುವುದು ಯಾವಾಗ ಎಂದು ಹೇಳಲು ಯಾರಿಂದಲೂ ಆಗದು. ಏರದೆ ಇರುವುದಿಲ್ಲ ಎಂಬುದಷ್ಟೇ ನಿಶ್ಚಯ. ಆದುದರಿಂದ ಇಂತಹ ಷೇರುಗಳನ್ನು ಯಾವ ಕಾಲದಲ್ಲಿ ಕೊಳ್ಳುವವರೂ ಬಡ್ಡಿ ಏರಿದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಲೇಸು.

ಲೆಕ್ಕ ಸರಳವಾಗಿದೆ. ವರ್ಷಕ್ಕೆ 6 ರೂಪಾಯಿ ಲಾಭಾಂಶ ನೀಡುವ ಷೇರೊಂದನ್ನು ಮಾರುಕಟ್ಟೆ 100 ರೂಪಾಯಿಗೆ ಕೊಳ್ಳುತ್ತಿದೆ ಎಂದು ಇಟ್ಟುಕೊಳ್ಳೋಣ. ಇಳುವರಿ ಶೇ. 6 ಆಯಿತು. ಬಡ್ಡಿದರ ಏರಿ, ಜನರು ಇಂತಹ ಷೇರಿನಿಂದ ಶೇ. 8 ಬರಬೇಕು ಎಂದು ಕೇಳತೊಡಗಿದರೆ, ಅದೇ 6 ರೂಪಾಯಿಗೆ ಅವರು ಕೊಡುವ ಬೆಲೆ 75 ಮಾತ್ರ. ಕಂಪನಿಯಲ್ಲಿ ಯಾವ ತೊಂದರೆಯೂ ಆಗಿಲ್ಲ, ಲಾಭಾಂಶವೂ ಕಡಿಮೆಯಾಗಿಲ್ಲ. ಆದರೂ ಅಸಲಿನ ಕಾಲು ಭಾಗ ಹೋಯಿತು. ಲಾಭಾಂಶ ವರ್ಷಕ್ಕೆ ಶೇ. 7ರಂತೆ ಬೆಳೆಯುತ್ತಿದ್ದರೆ ಮಾತ್ರ ಚಿತ್ರ ಬದಲಾಗುತ್ತದೆ. ನಾಲ್ಕು ವರ್ಷಕ್ಕೆ 6 ರೂಪಾಯಿ ಸುಮಾರು 7 ರೂಪಾಯಿ 86 ಪೈಸೆಯಾಗಿ, ಶೇ. 8ರ ಲೆಕ್ಕದಲ್ಲಿಯೇ ಷೇರು 98 ರೂಪಾಯಿಗೆ ಬರುತ್ತದೆ; ಐದನೆಯ ವರ್ಷಕ್ಕೆ 105ನ್ನು ಮುಟ್ಟುತ್ತದೆ. ಬೆಳೆಯದ ಲಾಭಾಂಶಕ್ಕೂ ಬೆಳೆಯುವ ಲಾಭಾಂಶಕ್ಕೂ ಇರುವ ಅಂತರ ಇದು. ಇದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ: ನಾಲ್ಕೈದು ವರ್ಷದೊಳಗೆ ಬೇಕಾಗಬಹುದಾದ ಹಣಕ್ಕೆ, ಅಂದರೆ ಮಗಳ ಮದುವೆಗೋ ಹೊಸ ಯಂತ್ರಕ್ಕೋ ಎತ್ತಿಟ್ಟ ಹಣಕ್ಕೆ, ಈ ಷೇರುಗಳು ತಕ್ಕ ಸ್ಥಳವಲ್ಲ.

ವಿದ್ಯುತ್ ದರದೊಳಗಿನ ಲಾಭ

ಹಾಗಾದರೆ ವಿದ್ಯುತ್ ಕಂಪನಿಯ ಲಾಭಾಂಶ ಬೆಳೆಯುವುದು ಹೇಗೆ? ಇದಕ್ಕೆ ಉತ್ತರ ದರ ನಿಗದಿಯ ನಿಯಮಗಳಲ್ಲಿದೆ. ನಮ್ಮ ಓದುಗರಿಗೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂಗಳ ಬಿಲ್ಲು ಚಿರಪರಿಚಿತ. ಈ ಸಂಸ್ಥೆಗಳು ರಾಜ್ಯ ಸರ್ಕಾರದ ಒಡೆತನದವು, ಇವುಗಳ ಷೇರು ಪೇಟೆಯಲ್ಲಿ ದೊರೆಯುವುದಿಲ್ಲ. ಆದರೆ ಇವುಗಳಿಗೆ ವಿದ್ಯುತ್ ಮಾರುವ ಎನ್‌ಟಿಪಿಸಿ, ಆ ವಿದ್ಯುತ್ತನ್ನು ದೂರದಿಂದ ಹೊತ್ತು ತರುವ ಪವರ್‌ಗ್ರಿಡ್ ಇವೆರಡೂ ಷೇರು ಮಾರುಕಟ್ಟೆಯಲ್ಲಿವೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ 2,400 ಮೆಗಾವಾಟ್ ಸ್ಥಾವರ ಎನ್‌ಟಿಪಿಸಿಯದು. 2013ರ ಕೊನೆಯಲ್ಲಿ ದಕ್ಷಿಣದ ವಿದ್ಯುತ್ ಜಾಲವನ್ನು ದೇಶದ ಉಳಿದ ಜಾಲದೊಡನೆ ಕೂಡಿಸಿದ ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಪವರ್‌ಗ್ರಿಡ್ ನಿರ್ಮಿಸಿದ್ದು.

ಕಾರ್ಖಾನೆಗೆ ಬೀಗ ಹಾಕಿದ್ದರೂ ನಿಗದಿತ ಶುಲ್ಕದ ಬಿಲ್ಲು ಬರುತ್ತದೆಂದು ನಾವೆಲ್ಲರೂ ದೂರುತ್ತೇವೆ. 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ಈ ದೂರು ಇನ್ನಷ್ಟು ಜೋರಾಗಿತ್ತು. ಅದೇ ನಿಗದಿತ ಶುಲ್ಕ ಮೇಲಿನ ಹಂತದಲ್ಲಿಯೂ ಇದೆ. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮದಂತೆ, ಉಷ್ಣ ಸ್ಥಾವರವು ಸಾಮಾನ್ಯವಾಗಿ ವರ್ಷದ ಶೇ. 85ರಷ್ಟು ಕಾಲ ಉತ್ಪಾದನೆಗೆ ಸಿದ್ಧವಾಗಿದ್ದರೆ, ವಿದ್ಯುತ್ತನ್ನು ಯಾರೂ ತೆಗೆದುಕೊಳ್ಳದಿದ್ದರೂ ಅದಕ್ಕೆ ಪೂರ್ತಿ ನಿಗದಿತ ಶುಲ್ಕ ಸಲ್ಲುತ್ತದೆ. ನಮಗೆ ಹೊರೆಯಾದದ್ದು ಅವರ ಷೇರುದಾರರಿಗೆ ಭರವಸೆ.

ಆ ಶುಲ್ಕದೊಳಗೆ ಏನೇನಿದೆ ಎಂಬುದು ಬಹಳ ಮುಖ್ಯ. 1,000 ಕೋಟಿ ರೂಪಾಯಿ ವೆಚ್ಚದ ಯೋಜನೆಯೊಂದನ್ನು ತೆಗೆದುಕೊಳ್ಳಿ. ನಿಯಮದ ಪ್ರಕಾರ ಇದರಲ್ಲಿ ಶೇ. 70 ಸಾಲ, ಶೇ. 30 ಸ್ವಂತ ಬಂಡವಾಳ. 300 ಕೋಟಿ ಸ್ವಂತ ಬಂಡವಾಳದ ಮೇಲೆ ತೆರಿಗೆಯ ನಂತರ ಶೇ. 15.5 ಪ್ರತಿಫಲ, ಅಂದರೆ 46.5 ಕೋಟಿ ದರದಲ್ಲಿಯೇ ಸೇರಿಸಿಕೊಳ್ಳಲು ಅವಕಾಶವಿದೆ. 700 ಕೋಟಿ ಸಾಲದ ಬಡ್ಡಿಯೂ ದರದಲ್ಲಿ ಸೇರುತ್ತದೆ. ಬಡ್ಡಿ ಶೇ. 7 ಇದ್ದಾಗ 49 ಕೋಟಿ. ಅದು ಶೇ. 9 ಆದರೆ 63 ಕೋಟಿ. ಹೆಚ್ಚಾದ 14 ಕೋಟಿಯನ್ನು ಕೊಡುವವರು ವಿದ್ಯುತ್ ಕೊಳ್ಳುವ ಸಂಸ್ಥೆಗಳು, ಕೊನೆಗೆ ನಾವು ನೀವು. ಕಂಪನಿಯ 46.5 ಕೋಟಿ ಹಾಗೆಯೇ ಉಳಿಯುತ್ತದೆ. ಕಚ್ಚಾ ಮಾಲಿನ ಬೆಲೆಯೂ ಬ್ಯಾಂಕ್ ಬಡ್ಡಿಯೂ ಏರಿದಾಗ ಗಿರಾಕಿಯ ಬಳಿ ದರ ಹೆಚ್ಚಿಸಲು ಹೆಣಗುವ ಸಣ್ಣ ಉದ್ದಿಮೆದಾರನಿಗೆ ಇದು ಕನಸಿನಂತಹ ವ್ಯವಸ್ಥೆ.

ಆದರೆ ಇದರ ಇನ್ನೊಂದು ಮುಖವನ್ನು ನೋಡಬೇಕು. 2009ರಿಂದೀಚೆಗೆ ರೆಪೊ ದರ ಒಮ್ಮೆ ಶೇ. 8.5ರವರೆಗೆ ಏರಿತ್ತು, ಇನ್ನೊಮ್ಮೆ ಶೇ. 4ಕ್ಕೆ ಇಳಿದಿತ್ತು. ಈ 15.5 ಮಾತ್ರ ಕದಲಲಿಲ್ಲ. 2024-29ರ ನಿಯಮಗಳಲ್ಲಿ ಹೊಸ ಪ್ರಸರಣ ಯೋಜನೆಗಳಿಗೆ ಅದನ್ನು ಶೇ. 15ಕ್ಕೆ ಇಳಿಸಲಾಯಿತು, ಅಷ್ಟೆ. ಎಂದರೆ ಬಡ್ಡಿ ಏರಿದಾಗ ಕಂಪನಿಯ ಲಾಭ ಕುಗ್ಗುವುದಿಲ್ಲ, ಹಿಗ್ಗುವುದೂ ಇಲ್ಲ. ಠೇವಣಿಗೆ ಶೇ. 5 ಬರುತ್ತಿದ್ದಾಗ ಶೇ. 15.5 ಬಹಳ ಆಕರ್ಷಕವಾಗಿ ಕಾಣುತ್ತದೆ. ಠೇವಣಿಗೆ ಶೇ. 8 ಬಂದಾಗ ಆ ಅಂತರ ಕಿರಿದಾಗುತ್ತದೆ, ಷೇರಿನ ಬೆಲೆ ಬಾಗುತ್ತದೆ. ಕಂಪನಿಯ ಲಾಭಕ್ಕೆ ಆಯೋಗದ ರಕ್ಷಣೆಯಿದೆ. ನಾವು ತೆತ್ತ ಬೆಲೆಗೆ ಯಾವ ರಕ್ಷಣೆಯೂ ಇಲ್ಲ.

ಆದ್ದರಿಂದ ಕೊಳ್ಳುವ ಬೆಲೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ವಿಚಾರ. ಶೇ. 15.5 ದೊರೆಯುವುದು ಕಂಪನಿ ತೊಡಗಿಸಿದ ಬಂಡವಾಳದ ಮೇಲೆ, ನಾವು ಪೇಟೆಯಲ್ಲಿ ಕೊಟ್ಟ ಬೆಲೆಯ ಮೇಲಲ್ಲ. ಷೇರೊಂದರ ಪುಸ್ತಕ ಮೌಲ್ಯ 100 ರೂಪಾಯಿ ಇದ್ದು, ಅದರ ಮೇಲೆ 15 ರೂಪಾಯಿ 50 ಪೈಸೆ ಗಳಿಸಿ, ಅರ್ಧವನ್ನು ಹಂಚಿದರೆ ಲಾಭಾಂಶ 7 ರೂಪಾಯಿ 75 ಪೈಸೆ. ಆ ಷೇರನ್ನು 125ಕ್ಕೆ ಕೊಂಡವರಿಗೆ ಶೇ. 6.2 ಇಳುವರಿ, 250ಕ್ಕೆ ಕೊಂಡವರಿಗೆ ಶೇ. 3.1. ಉಳಿದರ್ಧವನ್ನು ಕಂಪನಿ ಹೊಸ ಮಾರ್ಗಗಳಲ್ಲಿ ಅಥವಾ ಸ್ಥಾವರಗಳಲ್ಲಿ ತೊಡಗಿಸಿ ಅದರ ಮೇಲೂ ಅದೇ ಪ್ರತಿಫಲ ಪಡೆದರೆ, ಲಾಭಾಂಶ ವರ್ಷಕ್ಕೆ ಸುಮಾರು ಶೇ. 7ರಿಂದ 8ರಂತೆ ಬೆಳೆಯುತ್ತದೆ. ಮೇಲೆ ಹೇಳಿದ ಶೇ. 7ರ ಬೆಳವಣಿಗೆ ಹುಟ್ಟುವುದು ಹೀಗೆ. ಮಾಲಿನ ಅಸಲು ತಿಳಿಯದೆ ಖರೀದಿ ಮಾಡದ ವ್ಯಾಪಾರಿ ಷೇರಿನ ಪುಸ್ತಕ ಮೌಲ್ಯವನ್ನು ನೋಡದೆ ಕೊಳ್ಳುವುದು ವಿಚಿತ್ರವೇ ಸರಿ.

ಹಣ ತೊಡಗಿಸಿದ ಕೂಡಲೇ ಪ್ರತಿಫಲ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಯೋಜನೆ ಚಾಲನೆಗೊಂಡ ಮೇಲಷ್ಟೇ ದರ ವಸೂಲಿ ಆರಂಭ. ಕಂಪನಿಯ ತಪ್ಪಿನಿಂದ ಕಾಮಗಾರಿ ತಡವಾದರೆ ಆ ಅವಧಿಯ ಬಡ್ಡಿಯನ್ನು ದರದಲ್ಲಿ ಸೇರಿಸಲು ಆಯೋಗ ಒಪ್ಪದಿರಬಹುದು. ಬಡ್ಡಿ ಏರಿದ ಕಾಲದಲ್ಲಿ ಅರ್ಧಕ್ಕೆ ನಿಂತ ಕಾಮಗಾರಿ ಹೆಚ್ಚು ದುಬಾರಿ. ಆಸ್ತಿಪಟ್ಟಿಯಲ್ಲಿ ಚಾಲನೆಗೊಂಡ ಆಸ್ತಿ ಎಷ್ಟು, ಕಾಮಗಾರಿಯಲ್ಲಿ ಸಿಕ್ಕಿಕೊಂಡ ಬಂಡವಾಳ ಎಷ್ಟು ಎಂಬುದನ್ನು ಹಿಂದಿನ ವರ್ಷಗಳೊಡನೆ ಹೋಲಿಸಿ ನೋಡುವುದು ಅರ್ಧ ಗಂಟೆಯ ಕೆಲಸ.

ಒಂದೇ ಮನೆಯ ಎರಡು ಪತ್ರಗಳು

2022ರ ಬಡ್ಡಿ ಏರಿಕೆ ಈ ಲೆಕ್ಕಕ್ಕೆ ಒಂದು ಒಳ್ಳೆಯ ಪರೀಕ್ಷೆಯಾಯಿತು. ಪವರ್‌ಗ್ರಿಡ್ ತನ್ನ ಕೆಲವು ಪ್ರಸರಣ ಮಾರ್ಗಗಳನ್ನು ಮೂಲಸೌಕರ್ಯ ಹೂಡಿಕೆ ಟ್ರಸ್ಟ್ ಒಂದಕ್ಕೆ ವರ್ಗಾಯಿಸಿ, 2021ರಲ್ಲಿ ಅದರ ಯೂನಿಟ್‌ಗಳನ್ನು ತಲಾ 100 ರೂಪಾಯಿಗೆ ಸಾರ್ವಜನಿಕರಿಗೆ ನೀಡಿತು. ಇನ್ವಿಟ್ ಎಂದು ಕರೆಯುವುದು ಇದನ್ನೇ. ಟ್ರಸ್ಟ್ ವರ್ಷಕ್ಕೆ ಯೂನಿಟ್ ಒಂದಕ್ಕೆ 12 ರೂಪಾಯಿಯಂತೆ ಹಂಚುತ್ತ ಬಂದಿತು. ಕಡಿಮೆ ಬಡ್ಡಿಯ ದಿನಗಳಲ್ಲಿ ಇದು ಎಲ್ಲರಿಗೂ ಬೇಕಾದ ಪತ್ರವಾಗಿ, 2022ರಲ್ಲಿ ಬೆಲೆ 130 ರೂಪಾಯಿಯನ್ನು ದಾಟಿತು. ಬಡ್ಡಿ ಏರಿತು, 2024ರ ವೇಳೆಗೆ ಬೆಲೆ 100ರ ಕೆಳಗೆ ಇಳಿದಿತ್ತು. ಹಂಚಿಕೆ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. 130ರಲ್ಲಿ ಕೊಂಡವರು ಪಡೆದ 12 ರೂಪಾಯಿಗಳನ್ನೆಲ್ಲ ಕೂಡಿಸಿದರೂ ಎರಡು ವರ್ಷದಲ್ಲಿ ಅಸಲಿನ ನಷ್ಟವನ್ನು ತುಂಬಿಕೊಳ್ಳುವುದೇ ಕಷ್ಟವಾಯಿತು. ಟ್ರಸ್ಟಿನ ಹಂಚಿಕೆಯ ಒಂದು ಭಾಗ ಅಸಲಿನ ಮರುಪಾವತಿಯೂ ಆಗಿರಬಹುದು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಂಚಿಕೆಯ ವಿವರ ಪತ್ರದಲ್ಲಿ ಬಡ್ಡಿ ಎಷ್ಟು, ಲಾಭಾಂಶ ಎಷ್ಟು, ಮರುಪಾವತಿ ಎಷ್ಟು ಎಂದು ಬಿಡಿಸಿ ಹೇಳಿರುತ್ತಾರೆ.

ಇದೇ ಅವಧಿಯಲ್ಲಿ ಎನ್‌ಟಿಪಿಸಿ, ಪವರ್‌ಗ್ರಿಡ್ ಷೇರುಗಳು ಇಳಿಯುವ ಬದಲು ಏರಿದವು. 2022ರ ಮೇ ತಿಂಗಳಲ್ಲಿ 150 ರೂಪಾಯಿಯ ಸುತ್ತಮುತ್ತ ಇದ್ದ ಎನ್‌ಟಿಪಿಸಿ ಷೇರು 2024ರ ಸೆಪ್ಟೆಂಬರಿನಲ್ಲಿ 400ನ್ನು ದಾಟಿತ್ತು. ಬಡ್ಡಿ ಏರಿದರೆ ವಿದ್ಯುತ್ ಷೇರು ಬೀಳುತ್ತದೆ ಎಂಬ ಸೂತ್ರವನ್ನೇ ನಂಬಿ ಆಗ ಮಾರಿದವರು ಕೈ ಕೈ ಹಿಸುಕಿಕೊಂಡರು. ಕಾರಣಗಳಿವೆ. ಅದಕ್ಕೆ ಮುಂಚಿನ ಹಲವು ವರ್ಷ ಈ ಷೇರುಗಳು ಪುಸ್ತಕ ಮೌಲ್ಯದ ಸಮೀಪದಲ್ಲಿಯೇ ಬಿದ್ದಿದ್ದವು. ಬೀಳಲು ಹೆಚ್ಚು ಎತ್ತರ ಉಳಿದಿರಲಿಲ್ಲ. ವಿದ್ಯುತ್ ಬೇಡಿಕೆ ಬೆಳೆದು, ಹೊಸ ಬಂಡವಾಳ ತೊಡಗಿಸಲು ಅವಕಾಶವೂ ಹೆಚ್ಚಿತು. ಆದರೆ ಒಂದು ಎಚ್ಚರಿಕೆ. 400 ರೂಪಾಯಿಯಲ್ಲಿ ಕೊಂಡವರಿಗೆ ದೊರೆತ ಇಳುವರಿ 150ರಲ್ಲಿ ಕೊಂಡವರಿಗೆ ದೊರೆತದ್ದರ ಹತ್ತಿರಕ್ಕೂ ಬರುವಂತಹುದಲ್ಲ. ಅವರು ಕೊಂಡದ್ದು ವರಮಾನವನ್ನಲ್ಲ, ಬೆಲೆ ಏರಿಕೆಯ ನಿರೀಕ್ಷೆಯನ್ನು.

ವಿದ್ಯುತ್ ಎಂಬ ಹೆಸರು ಇದ್ದ ಮಾತ್ರಕ್ಕೆ ಬಡ್ಡಿಯ ಹೊರೆ ಗ್ರಾಹಕನ ಮೇಲೆ ಹೋಗುತ್ತದೆಂದು ತಿಳಿಯಬಾರದು. ಅಂತರರಾಜ್ಯ ಪ್ರಸರಣದಲ್ಲಿ 2011ರಿಂದ ಹೊಸ ಮಾರ್ಗಗಳನ್ನು ಹೆಚ್ಚಾಗಿ ಟೆಂಡರ್ ಮೂಲಕ ನೀಡಲಾಗುತ್ತಿದೆ. 35 ವರ್ಷಗಳ ಶುಲ್ಕವನ್ನು ಮೊದಲೇ ಹೇಳಿ ಗೆದ್ದ ಕಂಪನಿಗೆ ಶೇ. 15.5ರ ಭರವಸೆಯಿಲ್ಲ. ಸೌರ ವಿದ್ಯುತ್ತಿನದೂ ಇದೇ ಕಥೆ: ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂತಹ ಕಡೆಗಳಲ್ಲಿ ಟೆಂಡರ್ ಗೆದ್ದವರು 25 ವರ್ಷ ಒಂದೇ ದರಕ್ಕೆ ವಿದ್ಯುತ್ ಮಾರಬೇಕು. ಸಾಲದ ಬಡ್ಡಿ ಏರಿದರೆ ಅದು ಕಂಪನಿಯ ಪಾಲಿಗೇ. ಶೇ. 75ರಷ್ಟು ಸಾಲದಲ್ಲಿ ನಡೆಯುವ ಸ್ಥಾವರಕ್ಕೆ ಎರಡು ಶೇಕಡಾ ಬಡ್ಡಿ ಏರಿದರೆ ಲಾಭಾಂಶಕ್ಕೆ ಉಳಿಯುವುದು ಏನೆಂದು ಕಾರ್ಖಾನೆ ನಡೆಸಿದವರಿಗೆ ವಿವರಿಸಬೇಕಿಲ್ಲ. ಎರಡೂ ಬಗೆಯ ವ್ಯವಹಾರ ಇರುವ ಕಂಪನಿಯಲ್ಲಿ ಆದಾಯದ ಯಾವ ಪಾಲು ಆಯೋಗದ ದರದಿಂದ, ಯಾವ ಪಾಲು ಟೆಂಡರ್‌ನಿಂದ ಎಂದು ಕೇಳಿ ತಿಳಿಯಬೇಕು. 2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಷೇರುಗಳನ್ನು 450 ರೂಪಾಯಿಯಂತೆ ನೀಡಿದಾಗ ಅದರ ದೊಡ್ಡ ಸ್ಥಾವರಗಳನ್ನು ಇನ್ನೂ ಕಟ್ಟಬೇಕಾಗಿತ್ತು. ಪೇಟೆಗೆ ಬಂದ ಮೊದಲ ದಿನವೇ ಬೆಲೆ ಕೆಳಗಿಳಿಯಿತು. ಆಗ ಕೈ ಸುಟ್ಟುಕೊಂಡವರು ನಮ್ಮ ನಡುವೆ ಕಡಿಮೆಯಿಲ್ಲ.

ಉದ್ರಿ ಬಾಕಿ ಮತ್ತು ಆಯೋಗದ ವಿಳಂಬ

ಲಾಭ ಪುಸ್ತಕದಲ್ಲಿ ಇದ್ದು ಹಣ ಕೈಗೆ ಬಾರದಿದ್ದರೆ ಏನಾಗುತ್ತದೆಂದು ಉದ್ರಿ ವ್ಯಾಪಾರ ಮಾಡುವವರಿಗೆ ಚೆನ್ನಾಗಿ ಗೊತ್ತು. ವಿದ್ಯುತ್ ಕಂಪನಿಗಳ ಗಿರಾಕಿಗಳು ರಾಜ್ಯಗಳ ವಿತರಣಾ ಸಂಸ್ಥೆಗಳು. 2022ರ ಜೂನ್ ವೇಳೆಗೆ ಈ ಸಂಸ್ಥೆಗಳು ಉತ್ಪಾದಕರಿಗೂ ಪ್ರಸರಣ ಕಂಪನಿಗಳಿಗೂ ಉಳಿಸಿಕೊಂಡ ಹಳೆಯ ಬಾಕಿ ಸುಮಾರು 1.4 ಲಕ್ಷ ಕೋಟಿ ರೂಪಾಯಿಯಾಗಿತ್ತು. ಅದನ್ನು ಕಂತುಗಳಲ್ಲಿ ತೀರಿಸಬೇಕು, ತಪ್ಪಿದರೆ ವಿದ್ಯುತ್ ಸರಬರಾಜಿಗೆ ಕಡಿವಾಣ ಎಂಬ ನಿಯಮ ಆ ವರ್ಷ ಬಂದ ಮೇಲೆ ಪರಿಸ್ಥಿತಿ ಗಮನಾರ್ಹವಾಗಿ ಸುಧಾರಿಸಿತು. ಬಾಕಿ ದಿನಗಳು ಹೆಚ್ಚಾಗುತ್ತಿದ್ದರೆ ಕಂಪನಿ ದುಡಿಯುವ ಬಂಡವಾಳಕ್ಕೆ ಸಾಲ ಮಾಡಬೇಕು. ಬಡ್ಡಿ ಏರಿದ ದಿನಗಳಲ್ಲಿ ಅದು ಲಾಭಾಂಶವನ್ನು ತಿನ್ನುತ್ತದೆ.

ರಾಜ್ಯ ಆಯೋಗಗಳ ಅಧೀನದಲ್ಲಿರುವ ಖಾಸಗಿ ವಿತರಣಾ ಕಂಪನಿಗಳಲ್ಲಿ ಇನ್ನೊಂದು ಬಗೆಯ ತೊಡಕಿದೆ. ಖರ್ಚನ್ನು ಒಪ್ಪಿಕೊಂಡರೂ ದರ ಏರಿಸಲು ಆಯೋಗಗಳು ಹಿಂಜರಿದು, ಮುಂದೆ ವಸೂಲು ಮಾಡಿಕೊಳ್ಳಿ ಎಂದು ಬಾಕಿ ಇಡುತ್ತವೆ. ದೆಹಲಿಯಲ್ಲಿ ಇಂತಹ ಬಾಕಿ ವರ್ಷಗಟ್ಟಲೆ ಬೆಳೆದು, 2025ರಲ್ಲಿ ಸುಪ್ರೀಂ ಕೋರ್ಟ್ ಕಾಲಮಿತಿಯಲ್ಲಿ ತೀರಿಸಬೇಕೆಂದು ಹೇಳಬೇಕಾಯಿತು. ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ರೋಗವೇನಲ್ಲ. ತೈಲ ಬೆಲೆಯೂ ಬಡ್ಡಿಯೂ ಒಟ್ಟಿಗೆ ಏರಿದ್ದ 1974ರಲ್ಲಿ ನ್ಯೂಯಾರ್ಕಿನ ಕನ್ಸಾಲಿಡೇಟೆಡ್ ಎಡಿಸನ್ ಕಂಪನಿ ಲಾಭಾಂಶವನ್ನು ಕೈಬಿಟ್ಟಿತು. ವಿಧವೆಯರ, ಅನಾಥರ ಹಣಕ್ಕೆ ಭದ್ರವೆಂದು ಹೆಸರಾದ ಷೇರುಗಳ ಬಗ್ಗೆ ಅಮೆರಿಕದ ಹೂಡಿಕೆದಾರರ ನಂಬಿಕೆ ಅಂದು ಅಲುಗಾಡಿತು.

ಲಾಭಾಂಶದ ಘೋಷಣೆಯನ್ನು ಓದುವಾಗ ಒಂದು ಹಳೆಯ ಬಲೆ ಇದೆ. ಶೇ. 200 ಲಾಭಾಂಶ ಎಂದು ಪತ್ರಿಕೆಯಲ್ಲಿ ಬಂದರೆ ಅದು ಮುಖಬೆಲೆಯ ಮೇಲಿನ ಲೆಕ್ಕ. ಮುಖಬೆಲೆ 2 ರೂಪಾಯಿಯಾದರೆ ದೊರೆಯುವುದು 4 ರೂಪಾಯಿ; ಷೇರಿನ ಪೇಟೆ ಬೆಲೆ 400 ಆಗಿದ್ದರೆ ಇಳುವರಿ ಶೇ. 1. ಅತಿ ಹೆಚ್ಚಿನ ಇಳುವರಿಯೂ ಸಂಶಯಕ್ಕೆ ಅರ್ಹವೇ. ಕೋಲ್ ಇಂಡಿಯಾ 2013-14ರಲ್ಲಿ ಷೇರಿಗೆ 29 ರೂಪಾಯಿ ನೀಡಿತು. 2019-20ರಲ್ಲಿ ನೀಡಿದ್ದು 12. 2010ರಲ್ಲಿ 245 ರೂಪಾಯಿಗೆ ನೀಡಿದ್ದ ಷೇರು 2020ರಲ್ಲಿ 150ರ ಕೆಳಗೆ ಬಂದಿತ್ತು. ಮುಂದಿನ ವರ್ಷಗಳಲ್ಲಿ ಅದು ಚೇತರಿಸಿಕೊಂಡಿತು ನಿಜ, ಆದರೆ 29 ರೂಪಾಯಿಯನ್ನು ವರ್ಷದ ಸಂಬಳದಂತೆ ಎಣಿಸಿ ಕೊಂಡವರು ಆ ಆರು ವರ್ಷ ಅನುಭವಿಸಿದ್ದು ಬೇರೆ. ಒಂದು ವರ್ಷದ ಅಂಕಿಯನ್ನು ನೋಡದೆ ಏಳೆಂಟು ವರ್ಷದ ಸಾಲನ್ನು ನೋಡಬೇಕು. ಪೇಟೆಯ ಮೊದಲ 1,000 ಕಂಪನಿಗಳು ತಮ್ಮ ಲಾಭಾಂಶ ನೀತಿಯನ್ನು ಪ್ರಕಟಿಸಬೇಕೆಂದು ಸೆಬಿ ನಿಯಮವಿದೆ. ಅದು ಕಂಪನಿಯ ಜಾಲತಾಣದಲ್ಲಿಯೇ ಇರುತ್ತದೆ.

ಸರ್ಕಾರಿ ಕಂಪನಿಗಳಲ್ಲಿ ದೊಡ್ಡ ಷೇರುದಾರನಾದ ಸರ್ಕಾರಕ್ಕೇ ಲಾಭಾಂಶ ಬೇಕಾಗಿದೆ. ತೆರಿಗೆಯ ನಂತರದ ಲಾಭದ ಶೇ. 30 ಅಥವಾ ನಿವ್ವಳ ಮೌಲ್ಯದ ಶೇ. 4, ಇವೆರಡರಲ್ಲಿ ಹೆಚ್ಚಾದುದನ್ನು ಕನಿಷ್ಠವಾಗಿ ಹಂಚಬೇಕೆಂದು 2024ರ ಮಾರ್ಗಸೂಚಿ ಹೇಳುತ್ತದೆ. ನಮ್ಮಂತಹ ಸಣ್ಣ ಷೇರುದಾರರಿಗೆ ಇದು ಅನುಕೂಲ. ಆದರೆ ಇದೇ ಮಾಲೀಕ 2020ರಲ್ಲಿ ತನ್ನ ಎರಡು ಜಲವಿದ್ಯುತ್ ಕಂಪನಿಗಳನ್ನು ಸುಮಾರು 11,500 ಕೋಟಿಗೆ ಎನ್‌ಟಿಪಿಸಿಗೆ ಮಾರಿದ್ದನ್ನೂ ಮರೆಯುವಂತಿಲ್ಲ. ಕಂಪನಿಯ ಹಣದ ಮೇಲೆ ಮಾಲೀಕನಿಗೆ ಬೇರೆ ಯೋಚನೆಗಳೂ ಇರುತ್ತವೆ.

ತೆರಿಗೆಯ ವಿಚಾರದಲ್ಲಿ ಹಳೆಯ ನೆನಪನ್ನು ಬಿಡಬೇಕು. ಲಾಭಾಂಶಕ್ಕೆ ಕಂಪನಿಯೇ ತೆರಿಗೆ ಕಟ್ಟುವ ಪದ್ಧತಿ 2020ರ ಏಪ್ರಿಲ್ 1ರಿಂದ ಹೋಯಿತು. ಅಂದಿನಿಂದ ಲಾಭಾಂಶ ನಮ್ಮ ಒಟ್ಟು ಆದಾಯಕ್ಕೆ ಸೇರಿ, ನಮ್ಮ ಹಂತದ ದರದಲ್ಲಿಯೇ ತೆರಿಗೆಗೆ ಒಳಪಡುತ್ತದೆ. ಶೇ. 30ರ ಹಂತದಲ್ಲಿ ಇರುವವರಿಗೆ ಶೇ. 6ರ ಇಳುವರಿ ಶೇ. 4.2ಕ್ಕೆ ಇಳಿಯುತ್ತದೆ. ಠೇವಣಿಯ ಬಡ್ಡಿಗೂ ಇದೇ ತೆರಿಗೆ ಇರುವುದರಿಂದ, ಲಾಭಾಂಶಕ್ಕೆ ಹಿಂದೆ ಇದ್ದ ವಿಶೇಷ ಅನುಕೂಲ ಈಗಿಲ್ಲ. 2025ರ ಏಪ್ರಿಲ್‌ನಿಂದ ಒಂದು ಕಂಪನಿಯ ಲಾಭಾಂಶ ವರ್ಷಕ್ಕೆ 10,000 ರೂಪಾಯಿಯನ್ನು ದಾಟಿದರಷ್ಟೇ ಮೂಲದಲ್ಲಿ ಶೇ. 10 ತೆರಿಗೆ ಕಡಿತವಾಗುವಂತೆ ಮಿತಿಯನ್ನು ಏರಿಸಲಾಯಿತು.

ಕೊನೆಯದಾಗಿ, ಇನ್ನೂ ವ್ಯವಹಾರ ನಡೆಸುತ್ತಿರುವ ಸದಸ್ಯರಿಗೆ ಒಂದು ಲೆಕ್ಕ. 2019ರ ಅಕ್ಟೋಬರ್‌ನಿಂದ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಬ್ಯಾಂಕುಗಳು ನೀಡುವ ಬದಲಾಗುವ ಬಡ್ಡಿಯ ಹೊಸ ಸಾಲಗಳು ರೆಪೊ ಮೊದಲಾದ ಹೊರಗಿನ ದರಕ್ಕೆ ಜೋಡಣೆಯಾಗಿವೆ. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಯಂತ್ರಭಾಗಗಳ ಕಾರ್ಖಾನೆ ನಡೆಸುವ ಒಬ್ಬರಿಗೆ ಇಂತಹ 40 ಲಕ್ಷ ಸಾಲವಿದೆ, 20 ಲಕ್ಷ ರೂಪಾಯಿಯ ಲಾಭಾಂಶದ ಷೇರುಗಳಿವೆ ಎಂದು ಇಟ್ಟುಕೊಳ್ಳೋಣ. ಷೇರುಗಳಿಂದ ಶೇ. 5ರಂತೆ ವರ್ಷಕ್ಕೆ 1 ಲಕ್ಷ ಬರುತ್ತದೆ. 2022-23ರಲ್ಲಿ ಆದಂತೆ ರೆಪೊ ದರ ಎರಡೂವರೆ ಶೇಕಡಾ ಏರಿದರೆ, ಅವರ ಸಾಲದ ಬಡ್ಡಿ ವರ್ಷಕ್ಕೆ 1 ಲಕ್ಷದಷ್ಟೇ ಹೆಚ್ಚುತ್ತದೆ. ಒಂದು ಕೈಯಿಂದ ಬಂದದ್ದು ಇನ್ನೊಂದು ಕೈಯಿಂದ ಪೂರ್ತಿಯಾಗಿ ಹೋಯಿತು, ಷೇರಿನ ಬೆಲೆಯೂ ಅದೇ ವೇಳೆಗೆ ಇಳಿದಿದ್ದರೆ ಮಾರಿ ಸಾಲ ತೀರಿಸುವ ದಾರಿಯೂ ಕಿರಿದಾಯಿತು. ಸಾಲಕ್ಕೆ ಶೇ. 10 ಬಡ್ಡಿ ತೆರುತ್ತ ಶೇ. 5 ಲಾಭಾಂಶ ಪಡೆಯುವವರು, ತೆರಿಗೆಯನ್ನು ಎರಡೂ ಕಡೆ ಲೆಕ್ಕಕ್ಕೆ ಹಿಡಿದರೂ, ಪ್ರತಿ ಲಕ್ಷಕ್ಕೆ ವರ್ಷಕ್ಕೆ ಮೂರೂವರೆ ಸಾವಿರದಷ್ಟು ಕಳೆದುಕೊಳ್ಳುತ್ತಾರೆ. ಬಡ್ಡಿ ಇಳಿದ ದಿನಗಳಲ್ಲಿ, ಷೇರುಗಳಿಗೆ ಒಳ್ಳೆಯ ಬೆಲೆ ಇರುವಾಗಲೇ ಒಂದಷ್ಟನ್ನು ಮಾರಿ ಕ್ಯಾಷ್ ಕ್ರೆಡಿಟ್ ಖಾತೆಯ ಬಾಕಿಯನ್ನು ಇಳಿಸಿಟ್ಟುಕೊಂಡವರಿಗೆ, ದರ ಏರಿ ವಿದ್ಯುತ್ ಷೇರುಗಳು ಪುಸ್ತಕ ಮೌಲ್ಯದ ಹತ್ತಿರ ಬಂದಾಗ ಮತ್ತೆ ಕೊಳ್ಳಲು ಕೈಯಲ್ಲಿ ಹಣವೂ ಇರುತ್ತದೆ, ಬ್ಯಾಂಕಿನಲ್ಲಿ ಮಿತಿಯೂ ಉಳಿದಿರುತ್ತದೆ.